ಮಹಿಳೆಯರ ಫಿಟ್‌ನೆಸ್ ಆ್ಯಪ್: ಬಳಕೆಯ ಅನುಭವವನ್ನೂ ಆದಾಯವನ್ನೂ ರೂಪಿಸುವ ಬಗೆ

ಮಹಿಳೆಯರಿಗಾಗಿ ಫಿಟ್‌ನೆಸ್ ಆ್ಯಪ್ ಕಟ್ಟಲು ಹೊರಟವರು ಮೊದಲ ಪರದೆಯನ್ನು ರೂಪಿಸುವ ಮುನ್ನ, ಅದನ್ನು ಬಳಸಲಿರುವವರ ನಡುಮನೆಯಲ್ಲಿ ಬೆಳಗಿನ ಒಂದು ಗಂಟೆ ಕುಳಿತು ನೋಡಬೇಕು. ಮೈಸೂರಿನ ಸರಸ್ವತಿಪುರಂನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿರುವವರು ಜಿಗಿದರೆ ಕೆಳಗಿನವರ ನಿದ್ದೆ ಕೆಡುತ್ತದೆ. ಮಂಡ್ಯದ ಸುತ್ತಲಿನ ಹಳ್ಳಿಯಲ್ಲಿ ಹಾಲು ಕರೆದು, ಡೇರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ಹದಿನೈದು ನಿಮಿಷ ಉಳಿದರೆ ಹೆಚ್ಚು. ಆದ್ದರಿಂದ ಸದ್ದಿಲ್ಲದೆ ಮಾಡುವಂಥವು, ನಿಂತೇ ಮಾಡುವಂಥವು, ಸೀರೆ ಅಥವಾ ಚೂಡಿದಾರದಲ್ಲೇ ಮಾಡುವಂಥವು ಎಂದು ವ್ಯಾಯಾಮಗಳನ್ನು ವಿಂಗಡಿಸಿ. ಅಡುಗೆಮನೆಯ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಆರು ಅಡಿ ದೂರದಿಂದಲೂ ಎಣಿಕೆ ಕಾಣಬೇಕು. ಒಮ್ಮೆ ಇಳಿಸಿಕೊಂಡ ವಿಡಿಯೊ ನೆಟ್ ಇಲ್ಲದಿದ್ದರೂ ನಡೆಯಬೇಕು.

ಭಾಷೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಸ್ಕ್ವಾಟ್ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಅದು ಕನ್ನಡವಾಗುವುದಿಲ್ಲ. ಬಸ್ಕಿ ಎಂದರೆ ಗಣಪತಿಯ ಮುಂದೆ ಬಸ್ಕಿ ಹೊಡೆದು ಬೆಳೆದ ಅಜ್ಜಿಗೂ ಅರ್ಥವಾಗುತ್ತದೆ. ಊಟದ ಲೆಕ್ಕವನ್ನು ಓಟ್ಸ್ ಮತ್ತು ಗ್ರಾಮುಗಳಲ್ಲಿ ಕೇಳುವ ಬದಲು ಎಷ್ಟು ಮುದ್ದೆ, ಎಷ್ಟು ಸೌಟು ಸಾರು ಎಂದು ಕೇಳಿ.

ನೋಂದಣಿಯ ಹೆಸರಿನಲ್ಲಿ ಮೊದಲೇ ತೂಕ ಕೇಳಬೇಡಿ, ಮೊದಲ ವ್ಯಾಯಾಮ ಮುಗಿಯುವ ತನಕ ಒಟಿಪಿಯನ್ನೂ ಕೇಳಬೇಡಿ. ಆದರೆ ಗರ್ಭಿಣಿಯೇ, ಇತ್ತೀಚೆಗೆ ಹೆರಿಗೆಯಾಗಿದೆಯೇ, ನಡೆದಾಗ ತಲೆಸುತ್ತು ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ಬಿಡುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂಥವರ ಸುಸ್ತನ್ನು ಸೋಮಾರಿತನವೆಂದು ಗದರಿಸುವ ಆ್ಯಪ್ ಅವರಿಗೆ ಕೇಡನ್ನೇ ಮಾಡುತ್ತದೆ. ಒಂದು ದಿನ ತಪ್ಪಿದೊಡನೆ ಸತತವಾಗಿ ವ್ಯಾಯಾಮ ಮಾಡಿದ ದಿನಗಳ ಎಣಿಕೆಯನ್ನು ಸೊನ್ನೆಗೆ ಇಳಿಸುವ ಪದ್ಧತಿಯೂ ನನ್ನ ದೃಷ್ಟಿಯಲ್ಲಿ ಅಷ್ಟೇ ನಿರ್ದಯವಾದುದು, ಏಕೆಂದರೆ ಮುಟ್ಟು, ಮಗುವಿನ ಜ್ವರ, ತವರಿನ ಮದುವೆ ಇವು ಯಾವುವೂ ಶಿಸ್ತಿನ ಕೊರತೆಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಹೇಳಿದೆ. ನಿಮ್ಮ ಗುರಿಯನ್ನೂ ವಾರದ ಲೆಕ್ಕದಲ್ಲೇ ಇಡಿ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬಿರುಸಾಗಿ ನಡೆದದ್ದನ್ನೂ ಅವರೇ ಬರೆದುಕೊಳ್ಳಲು ಜಾಗ ಕೊಡಿ.

ಮುಟ್ಟಿನ ದಿನಾಂಕವನ್ನು ಕೇಳುವುದಾದರೆ ಅದು ಆ್ಯಪಿನೊಳಗೆ ಪ್ರತ್ಯೇಕ ಬೀಗದ ಹಿಂದೆ ಇರಲಿ, ಏಕೆಂದರೆ ಒಂದೇ ಫೋನನ್ನು ಗಂಡ, ಮಕ್ಕಳು, ಅತ್ತೆ ಎಲ್ಲರೂ ಮುಟ್ಟುವ ಮನೆಗಳು ಬಹಳ. ಅದನ್ನು ಜಾಹೀರಾತಿನವರಿಗೆ ಕೊಡುವ ಮಾತಂತೂ ಬೇಡ. ಆರೋಗ್ಯ ಮಾಹಿತಿಯನ್ನು ಹೊರಗಿನ ಕಂಪನಿಗಳಿಗೆ ದಾಟಿಸಿತೆಂಬ ಆರೋಪದ ಮೇಲೆ ಫ್ಲೋ ಎಂಬ ಮುಟ್ಟಿನ ಆ್ಯಪ್ 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಳ್ಳಬೇಕಾಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಕನ್ನಡವೂ ಸೇರಿದ ಸಂವಿಧಾನದ ಎಂಟನೇ ಅನುಸೂಚಿಯ ಯಾವುದಾದರೂ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದೂ, ಕೊಟ್ಟಷ್ಟೇ ಸುಲಭವಾಗಿ ಸಮ್ಮತಿಯನ್ನು ಹಿಂಪಡೆಯುವಂತಿರಬೇಕೆಂದೂ ಹೇಳುತ್ತದೆ.

ಇನ್ನು ಹಣದ ಮಾತು. ಯಾವುದಕ್ಕೆ ದುಡ್ಡು ಕೇಳಬಾರದು ಎಂಬುದನ್ನು ಮೊದಲು ತೀರ್ಮಾನಿಸಿ: ಸುರಕ್ಷತೆಯ ಸೂಚನೆಗಳು, ಮುಟ್ಟಿನ ದಾಖಲೆ ಮತ್ತು ದಿನದ ಮೂಲ ವ್ಯಾಯಾಮಗಳು ಎಂದೆಂದಿಗೂ ಉಚಿತವಾಗಿರಲಿ. ತರಬೇತುದಾರರು ನೇರವಾಗಿ ನೋಡಿ ತಿದ್ದುವ ತರಗತಿ, ವೈದ್ಯರು ಒಪ್ಪಿದ ನಂತರ ಬಾಣಂತಿಯರು ಹಂತಹಂತವಾಗಿ ಮಾಡುವ ಅಭ್ಯಾಸ, ಮನೆಯ ಅಡುಗೆಗೆ ಹೊಂದುವ ಆಹಾರ ಯೋಜನೆ ಇವುಗಳ ಹಿಂದೆ ಒಬ್ಬರ ದುಡಿಮೆ ಇರುವುದರಿಂದ ಇವುಗಳಿಗೆ ಚಂದಾ ಕೇಳುವುದು ನ್ಯಾಯ. ತೂಕ ಇಳಿಸುವ ಪುಡಿಗಳ ಜಾಹೀರಾತಿನಿಂದ ಬರುವ ಹಣವನ್ನು ಬಿಟ್ಟುಬಿಡಿ. ತಿಂಗಳಿಗೆ 99 ರೂಪಾಯಿ ಇಟ್ಟರೆ, ಗೂಗಲ್ ಪ್ಲೇ 2022ರ ಜನವರಿಯಿಂದ ಚಂದಾಗಳಿಗೆ ಜಾರಿಗೆ ತಂದ ಶೇ. 15ರ ಶುಲ್ಕದ ಲೆಕ್ಕದಲ್ಲಿ, ತೆರಿಗೆಗೆ ಮುನ್ನ ನಿಮ್ಮ ಕೈಗೆ 84 ರೂಪಾಯಿ 15 ಪೈಸೆ ಉಳಿಯುತ್ತದೆ. ತರಬೇತುದಾರರ ಸಂಬಳ ಅದರಲ್ಲಿ ಹುಟ್ಟುವುದೇ ಎಂದು ಬೆಲೆಯನ್ನು ಪ್ರಕಟಿಸುವ ಮೊದಲೇ ನೋಡಿಕೊಳ್ಳಿ.

ಬೆಲೆಯ ಪರದೆಯನ್ನು ಮೂರನೆಯ ಅಥವಾ ನಾಲ್ಕನೆಯ ವ್ಯಾಯಾಮ ಮುಗಿದ ಮೇಲೆ ತೋರಿಸಿ. ವಾರ್ಷಿಕ ಚಂದಾವನ್ನು ನೀವೇ ಆಯ್ದು ಇಡಬೇಡಿ. ತಿಂಗಳ ಬೆಲೆಯೂ ವರ್ಷದ ಬೆಲೆಯೂ ಒಂದೇ ಗಾತ್ರದ ಅಕ್ಷರದಲ್ಲಿರಲಿ. ಉಚಿತ ಅವಧಿ ಮುಗಿಯುವ ದಿನಾಂಕ, ಕಡಿತವಾಗುವ ಮೊತ್ತ ಎರಡೂ ಗುಂಡಿಯ ಮೇಲ್ಗಡೆಯೇ ಇರಲಿ. ನಿಗದಿತ ಚಂದಾವನ್ನು ಖಾತೆಯಿಂದ ತಾನಾಗಿ ಕಡಿಯುವ ವ್ಯವಸ್ಥೆಯಲ್ಲಿ 15,000 ರೂಪಾಯಿವರೆಗಿನ ಮುಂದಿನ ಕಂತುಗಳಿಗೆ ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಸಲ ಒಟಿಪಿ ಬೇಕಾಗಿಲ್ಲ, 24 ಗಂಟೆ ಮೊದಲು ಸೂಚನೆ ಹೋಗಬೇಕು. ಆದರೆ ಬ್ಯಾಂಕಿನ ಆ ಸಂದೇಶ ಮನೆಯ ಬೇರೊಬ್ಬರ ಫೋನಿಗೆ ಹೋಗುವುದುಂಟು, ಆದ್ದರಿಂದ ಮೂರು ದಿನ ಮೊದಲೇ ಆ್ಯಪಿನೊಳಗೆ ಕನ್ನಡದಲ್ಲಿ ನೀವೂ ತಿಳಿಸಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ರೂಪಿಸಬೇಕಾದದ್ದು ಚಂದಾ ರದ್ದು ಮಾಡುವ ಪರದೆ. ಗ್ರಾಹಕರನ್ನು ಚಂದಾದಲ್ಲಿ ಸಿಕ್ಕಿಸುವುದು, ಬೇಡವೆಂದವರನ್ನು ನಾಚಿಸುವುದು ಮುಂತಾದ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಹೆಸರಿಸಿ ತಡೆದಿದೆ. ‘ಬೇಡ, ನನಗೆ ಆರೋಗ್ಯ ಮುಖ್ಯವಲ್ಲ’ ಎಂಬಂಥ ಗುಂಡಿಯನ್ನು ಒತ್ತಿಸಿಕೊಂಡ ಆ್ಯಪಿಗೆ ಯಾವ ಹೆಣ್ಣುಮಗಳೂ ಮರಳಿ ಬರಲಾರಳು. ರದ್ದು ಗುಂಡಿಯ ಪಕ್ಕದಲ್ಲಿ ‘ಎರಡು ತಿಂಗಳು ತಡೆಹಿಡಿ’ ಎಂಬ ಆಯ್ಕೆಯನ್ನೂ ಇಡಿ. ಕಬ್ಬು ಕಡಿಯುವ ಕಾಲಕ್ಕೋ ಮಕ್ಕಳ ಪರೀಕ್ಷೆಗೋ ನಿಲ್ಲಿಸಿದವರಿಗೆ ಅದುವೇ ಬೇಕಾದದ್ದು. ಕೊನೆಗೆ, ಆ್ಯಪನ್ನು ಎಂದೂ ಕಾಣದ ಒಬ್ಬ ಗೃಹಿಣಿಯ ಕೈಗೆ ಫೋನು ಕೊಟ್ಟು, ಏನನ್ನೂ ಹೇಳಿಕೊಡದೆ, ಚಂದಾ ಕಟ್ಟಿ ಮತ್ತೆ ರದ್ದು ಮಾಡಲು ಕೇಳಿಕೊಳ್ಳಿ. ರದ್ದು ಮಾಡಲು ಕಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಆ ಪರದೆಯನ್ನು ತಿದ್ದಿ, ಬಿಡುಗಡೆಯ ದಿನವನ್ನು ಮುಂದಕ್ಕೆ ಹಾಕಿ.