ಗುಲಾಬಿ ಸಮ್ಮೇಳನ ನಡೆಸುವುದು ಹೇಗೆ? ಹೂವು ಮೊದಲು, ವೇದಿಕೆ ಆಮೇಲೆ

ಕೆಲವು ವರ್ಷಗಳ ಹಿಂದಿನ ಮಾತು. ಗುಲಾಬಿ ಬೆಳೆಗಾರರ ಸಮ್ಮೇಳನವೊಂದಕ್ಕೆ ಹಿರಿಯರೊಬ್ಬರು ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದರು. ಕೈಯಲ್ಲಿ ಹಾಲಿನ ಕ್ಯಾನು, ಅದರೊಳಗೆ ಒದ್ದೆ ಕಾಗದ ಸುತ್ತಿದ ಆರು ಗುಲಾಬಿ. ಹೆಸರು ಬರೆಸಲು ಇದ್ದದ್ದು ಒಂದೇ ಮೇಜು. ಸಾಲು ಬಾಗಿಲು ದಾಟಿತ್ತು, ತಲೆಯ ಮೇಲೆ ಹ್ಯಾಲೊಜೆನ್ ದೀಪ ಉರಿಯುತ್ತಿತ್ತು. ಅವರ ಸರದಿ ಬರುವಷ್ಟರಲ್ಲಿ ಅರ್ಧ ಬಿರಿದಿದ್ದ ಹೂವಿನ ನಡುಮೊನೆ ಸಡಿಲಿ ಕೇಸರ ಕಾಣತೊಡಗಿತ್ತು. ಎರಡು ತಿಂಗಳು ಕಾದು ಪಡೆದ ಹೂವು ಸ್ಪರ್ಧೆಯ ಮೇಜಿಗೆ ತಲುಪುವ ಮೊದಲೇ ಮುಗಿದುಹೋಯಿತು. ಆ ದಿನ ವೇದಿಕೆಯ ಕೆಲಸಕ್ಕೆ ಹನ್ನೆರಡು ಸ್ವಯಂಸೇವಕರಿದ್ದರು, ಹೂವು ಬರುವ ಬಾಗಿಲಿಗೆ ಇಬ್ಬರು.

ಸಂಬಳದ ಸಿಬ್ಬಂದಿಯಿಲ್ಲದ ಸಂಘಗಳು ಮತ್ತೆ ಮತ್ತೆ ಎಡವುವುದನ್ನು ನಾನು ನೋಡಿರುವುದು ಇಲ್ಲಿಯೇ. ಇನ್ನು ಕೆಲಸದ ಕ್ರಮಕ್ಕೆ ಬರೋಣ.

ದಿನ ಗೊತ್ತು ಮಾಡುವುದು

ಸಭಾಂಗಣ ಯಾವಾಗ ಖಾಲಿ ಇದೆ ಎಂದು ವಿಚಾರಿಸುವ ಮೊದಲು ಗಿಡದ ಲೆಕ್ಕ ಹಾಕಿ. ಬೆಂಗಳೂರು, ಮೈಸೂರು ಕಡೆ ಗುಲಾಬಿಯ ಕೊಂಬೆಗಳನ್ನು ಮುಖ್ಯವಾಗಿ ಸವರುವುದು ಮಳೆ ತಗ್ಗುವ ಅಕ್ಟೋಬರ್‌ನಲ್ಲಿ. ಸವರಿದ ಮೇಲೆ ಒಳ್ಳೆಯ ಹೂವು ಬರಲು ತಳಿಯನ್ನು ನೋಡಿಕೊಂಡು 45ರಿಂದ 60 ದಿನ ಬೇಕು. ಆದ್ದರಿಂದ ಡಿಸೆಂಬರ್ ಮಧ್ಯದ ಸಮ್ಮೇಳನದ ದಿನಾಂಕ ಸೆಪ್ಟೆಂಬರ್ ಮೊದಲ ವಾರದಲ್ಲೇ ಸದಸ್ಯರ ಕೈಸೇರಬೇಕು. ನವೆಂಬರ್‌ನಲ್ಲಿ ಆಮಂತ್ರಣ ಪತ್ರಿಕೆ ಹಂಚಿದರೆ ಜನ ಬರುತ್ತಾರೆ, ಹೂವು ಬರುವುದಿಲ್ಲ. ದಸರಾ ದಿನಗಳನ್ನೂ ಲಾಲ್‌ಬಾಗ್ ಪ್ರದರ್ಶನ ನಡೆಯುವ ಜನವರಿ ಕೊನೆಯನ್ನೂ ಬಿಟ್ಟುಬಿಡಿ.

ಹಣ ಮತ್ತು ಜಾಗ

ಖಾತೆಗೆ ಇಬ್ಬರ ಸಹಿ ಇರಲಿ, ಪ್ರತಿ ರೂಪಾಯಿಗೂ ರಸೀದಿ ಇರಲಿ. ಉತ್ತರಕ್ಕೆ ಕಿಟಕಿಗಳಿರುವ, ನೀರಿನ ನಲ್ಲಿ ಹತ್ತಿರವಿರುವ ಹಳೆಯ ಸಭಾಂಗಣವನ್ನೇ ಹಿಡಿಯಿರಿ. ತಗಡಿನ ಚಾವಣಿ ಬೇಡ.

ಸ್ಪರ್ಧೆಯ ಪಟ್ಟಿ

ಹೈಬ್ರಿಡ್ ಟೀ (ತೊಟ್ಟಿಗೊಂದೇ ದೊಡ್ಡ ಹೂವು), ಫ್ಲೋರಿಬಂಡಾ (ಗೊಂಚಲು ಹೂವು), ಮಿನಿಯೇಚರ್ (ಪುಟ್ಟ ಗುಲಾಬಿ), ಸುವಾಸನೆಯ ಗುಲಾಬಿ, ಕುಂಡದ ಗಿಡ, ಇಷ್ಟು ವಿಭಾಗ ಯಾವ ಸಂಘಕ್ಕೂ ಸಾಕು. ಇದರ ಜೊತೆಗೆ ಭಾರತದಲ್ಲೇ ರೂಪುಗೊಂಡ ತಳಿಗಳಿಗೆ ಒಂದು ವಿಭಾಗ ಇಡಲೇಬೇಕೆಂಬುದು ನನ್ನ ಹಟ. ಗೋಧಿ ತಳಿಗಳ ವಿಜ್ಞಾನಿ ಬಿ.ಪಿ. ಪಾಲ್ ಅವರಂಥವರು ನಮ್ಮ ಬಿಸಿಲಿಗೆ ಹೊಂದುವ ಗುಲಾಬಿಗಳನ್ನು ರೂಪಿಸಿಕೊಟ್ಟಿದ್ದಾರೆ. ಅವನ್ನು ನಾವೇ ಮೇಜಿಗೇರಿಸದಿದ್ದರೆ ಬೇರೆ ಯಾರು ಏರಿಸಬೇಕು? ಮೊದಲ ಸಲ ಭಾಗವಹಿಸುವವರಿಗೂ ಬೇರೆಯದೇ ಸಾಲು ಕೊಡಿ.

ಆ ಮೂರು ಗಂಟೆ

ಹೂವು ಬಂದು ಮೇಜಿಗೇರುವ ಹೊತ್ತು ಬೆಳಿಗ್ಗೆ ಆರರಿಂದ ಒಂಬತ್ತು. ನಿಮ್ಮಲ್ಲಿ ಇಪ್ಪತ್ತು ಸ್ವಯಂಸೇವಕರಿದ್ದರೆ ಹದಿನಾಲ್ಕು ಮಂದಿಯನ್ನು ಇಲ್ಲಿ ನಿಲ್ಲಿಸಿ.

ಪ್ರತಿ ಹೂವಿನ ಜೊತೆ ಇಡುವ ಚೀಟಿಯ ಕೆಲಸ ಹಿಂದಿನ ಸಂಜೆಯೇ ಮುಗಿಯಬೇಕು. ಚೀಟಿಯ ಮೇಲ್ಭಾಗದಲ್ಲಿ ವಿಭಾಗದ ಸಂಖ್ಯೆ ಮತ್ತು ತಳಿಯ ಹೆಸರು, ಕೆಳಭಾಗದಲ್ಲಿ ಬೆಳೆದವರ ಹೆಸರು. ಆ ಕೆಳಭಾಗವನ್ನು ಹಿಂದಕ್ಕೆ ಮಡಿಸಿ ಕ್ಲಿಪ್ ಹಾಕಿ, ತೀರ್ಪು ಮುಗಿಯುವವರೆಗೆ ಯಾರೂ ಅದನ್ನು ಬಿಡಿಸಬಾರದು. ಬರೆಯಲು ಪೆನ್ಸಿಲ್ ಅಥವಾ ಬಾಲ್ ಪೆನ್ನು. ಜೆಲ್ ಪೆನ್ನಿನ ಅಕ್ಷರ ನೀರಿನ ಒಂದು ಹನಿಗೆ ಕದಡಿ ನೀಲಿ ಮಚ್ಚೆಯಾಗುತ್ತದೆ. ಬಹುಮಾನದ ಹೂವು ಯಾರದೆಂದು ತಿಳಿಯದೆ ಅರ್ಧ ಗಂಟೆ ಹುಡುಕಾಡಿದ್ದನ್ನು ನಾನು ಕಂಡಿದ್ದೇನೆ.

ಬಾಗಿಲ ಬಳಿ ಒಂದು ಮೇಜಲ್ಲ, ಮೂರು ಮೇಜು ಹಾಕಿ. ಅದಕ್ಕೂ ಮೊದಲು ನೆರಳಿನಲ್ಲಿ ಬಕೆಟ್‌ಗಳ ಸಾಲು ಇರಲಿ. ಬಂದವರು ಮೊದಲು ಹೂವನ್ನು ಕತ್ತಿನವರೆಗೆ ನೀರಿಗೆ ಇಳಿಸಬೇಕು, ಹೆಸರು ಬರೆಸುವುದು ಆಮೇಲೆ. ಈ ಒಂದು ಅದಲು ಬದಲಿನಿಂದ ಸಾಲು ಎಷ್ಟೇ ಉದ್ದವಾದರೂ ಹೂವು ಉಳಿಯುತ್ತದೆ. ದೂರದಿಂದ ಬಂದ ಹೂವಿನ ತೊಟ್ಟನ್ನು ನೀರಿನೊಳಗೇ ಅರ್ಧ ಅಂಗುಲ ಓರೆಯಾಗಿ ಕತ್ತರಿಸಿದರೆ, ಪ್ರಯಾಣದಲ್ಲಿ ತೊಟ್ಟಿನೊಳಗೆ ಸೇರಿಕೊಂಡ ಗಾಳಿ ತೊಲಗಿ ನೀರು ಮೇಲೇರುತ್ತದೆ. ಫ್ಯಾನು ಹಾಕಬೇಡಿ.

ಹೂದಾನಿಗಳು ಸಂಘದವೇ ಆಗಿರಲಿ, ಒಂದೇ ಅಳತೆಯ ಕಿರಿದಾದ ಬಾಯಿಯ ಬಾಟಲಿಗಳಾದರೆ ಉತ್ತಮ. ಅವನ್ನು ಮೊದಲೇ ನೀರು ತುಂಬಿಸಿ ನಿಲ್ಲಿಸಿ. ಹೂವು ಓಲಾಡಿದರೆ ಬಾಯಿಗೆ ಗುಲಾಬಿ ಟೊಂಗೆಯ ಚೂರೊಂದನ್ನು ಸಿಗಿಸಿ. ಹೂವು ಚುಚ್ಚಿಡುವ ಅಂಗಡಿಯ ಹಸಿರು ಸ್ಪಂಜಿನ ಇಟ್ಟಿಗೆ ಬೇಡವೇ ಬೇಡ. ಅದು ಪುಡಿಯಾಗುವ ಪ್ಲಾಸ್ಟಿಕ್. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಎಲೆಗೆ ಹೊಳಪು ಕೊಡುವ ಸ್ಪ್ರೇಗೂ ಅವಕಾಶ ಕೊಡಬೇಡಿ. ಒದ್ದೆ ಹತ್ತಿಬಟ್ಟೆಯಿಂದ ಒರೆಸಿದ ಎಲೆಗೆ ಇರುವ ಕಳೆ ಆ ಎಣ್ಣೆಯ ಮಿನುಗಿಗೆ ಇಲ್ಲ.

ಮೇಜಿನ ಸಾಲಿಗೆ ಗಿಡ ಬಲ್ಲವರೊಬ್ಬರು ಬೇಕು. ಎಂಟೂವರೆಗೆ ಅವರು ಒಂದು ಸುತ್ತು ಬರಲಿ. ಐಸ್‌ಬರ್ಗ್ ಎಂಬ ಫ್ಲೋರಿಬಂಡಾ ತಳಿಯ ಗೊಂಚಲು ಹೈಬ್ರಿಡ್ ಟೀ ಸಾಲಿನಲ್ಲಿ ನಿಂತಿದೆಯೇ? ಸುಮ್ಮನೆ ಎತ್ತಿ ಫ್ಲೋರಿಬಂಡಾ ಸಾಲಿಗೆ ಇಡಿ. ಇಂಥ ಸಣ್ಣ ತಪ್ಪಿಗೆ ಹೂವನ್ನು ಹೊರಗಿಡುವ ಸಂಘಕ್ಕೆ ಹೊಸಬರು ಎರಡನೆಯ ಸಲ ಬರುವುದಿಲ್ಲ. ಹೂವು ಬಿರಿಯದಂತೆ ಕಟ್ಟಿದ ಉಣ್ಣೆಯ ದಾರ ಹಾಗೇ ಉಳಿದಿದ್ದರೆ ಬೆಳೆದವರನ್ನು ಕರೆದು ಬಿಚ್ಚಿಸಿ. ದಳಕ್ಕೆ ಸ್ವಯಂಸೇವಕರು ಕೈ ತಾಗಿಸಬಾರದು. ಮುಖ್ಯ ಹೂವಿನ ಪಕ್ಕದ ಮೊಗ್ಗನ್ನು ಅಲ್ಲೇ ನಿಂತು ಚಿವುಟುವವರಿಗೆ ಮಾತ್ರ ಏನೂ ಮಾಡಲಾಗದು. ಅದನ್ನು ಎರಡು ವಾರ ಮೊದಲೇ, ಕಡಲೆಕಾಳಿನಷ್ಟಿದ್ದಾಗ ತೆಗೆಯಬೇಕಿತ್ತು. ಈಗ ತೆಗೆದರೆ ಹಸಿ ಗಾಯ ತೀರ್ಪುಗಾರರ ಕಣ್ಣಿಗೆ ಬೀಳುತ್ತದೆ.

ಒಂಬತ್ತಕ್ಕೆ ಬಾಗಿಲು ಮುಚ್ಚಿ, ಅಧ್ಯಕ್ಷರ ಹೂವು ದಾರಿಯಲ್ಲಿದ್ದರೂ ಸರಿ.

ತೀರ್ಪು

ಒಂದು ತಂಡದಲ್ಲಿ ಮೂವರು ತೀರ್ಪುಗಾರರು ಮತ್ತು ಅಂಕ ಬರೆದುಕೊಳ್ಳಲು ಒಬ್ಬರು ಇದ್ದರೆ ಸಾಕು. ತನ್ನ ಹೂವಿರುವ ವಿಭಾಗಕ್ಕೆ ಯಾರೂ ತೀರ್ಪುಗಾರರಾಗಬಾರದು. ಅಂಕಗಳ ಕ್ರಮವನ್ನು ಹೊಸದಾಗಿ ಕಟ್ಟುವ ಅಗತ್ಯವಿಲ್ಲ. ಅಮೆರಿಕನ್ ರೋಸ್ ಸೊಸೈಟಿಯ ಲೆಕ್ಕದಲ್ಲಿ ಆಕಾರಕ್ಕೆ 25, ಬಣ್ಣಕ್ಕೆ 20, ತೊಟ್ಟು ಮತ್ತು ಎಲೆಗೆ 20, ದಳದ ಬಿಗುವಿಗೆ 15, ಹೂವು, ತೊಟ್ಟು, ಎಲೆಗಳ ಪರಸ್ಪರ ಹೊಂದಾಣಿಕೆಗೆ 10, ಗಾತ್ರಕ್ಕೆ 10. ಗಾತ್ರಕ್ಕೆ ಎಷ್ಟು ಕಡಿಮೆ ಎಂಬುದನ್ನು ಸದಸ್ಯರಿಗೆ ಮೊದಲೇ ತಿಳಿಸಿ. ದೊಡ್ಡ ಹೂವೇ ಗೆಲ್ಲುತ್ತದೆಂದು ನಂಬಿ ಪೂರ್ತಿ ಅರಳಿದ್ದನ್ನು ತಂದು ನೊಂದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಈ ಹೊತ್ತಿನಲ್ಲಿ ಸದಸ್ಯರಿಗೆ ಒಳಗೆ ಪ್ರವೇಶವಿಲ್ಲ, ಮನೆಗೂ ಹೋಗುವಂತಿಲ್ಲ. ಸರ್ವಸದಸ್ಯರ ಸಭೆಯನ್ನು ಈಗಲೇ ನಡೆಸಿಬಿಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘ ವರ್ಷಕ್ಕೊಮ್ಮೆ ಈ ಸಭೆ ಸೇರಲೇಬೇಕು. ಬೇರೆ ದಿನ ಕರೆದರೆ ಕೋರಂ ತುಂಬಿಸಲು ಮನೆಮನೆಗೆ ಫೋನ್ ಮಾಡಬೇಕಾಗುತ್ತದೆ.

ಉದ್ಘಾಟನೆ ಹನ್ನೊಂದಕ್ಕೆ. ಮುಖ್ಯ ಅತಿಥಿ ಒಬ್ಬರೇ ಸಾಕು, ಅವರ ಕೊರಳಿಗೆ ಹಾರದ ಬದಲು ಕೈಗೊಂದು ಗುಲಾಬಿ ಸಸಿ ಕೊಡಿ. ಮಧ್ಯಾಹ್ನ ಉಪನ್ಯಾಸ ಎರಡಕ್ಕಿಂತ ಹೆಚ್ಚು ಬೇಡ. ಪರದೆಯ ಮೇಲಿನ ಚಿತ್ರಗಳಿಗಿಂತ ಕುಂಡದ ಗಿಡವೊಂದನ್ನು ಮುಂದಿಟ್ಟು ಎಲ್ಲಿ ಕತ್ತರಿ ಹಾಕಬೇಕೆಂದು ತೋರಿಸುವವರನ್ನು ಕರೆಯಿರಿ.

ಎತ್ತಿಡುವುದು

ಬಾಟಲಿಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಬೋರಲು ಒಣಗಿಸಿ, ಎಣಿಸಿ ಪೆಟ್ಟಿಗೆಗೆ ತುಂಬಿ. ಬಹುಮಾನ ಪಡೆದವರ ಚೀಟಿಗಳನ್ನು ಎಸೆಯಬೇಡಿ. ಅವರು ಮನೆಗೆ ಹೊರಡುವ ಮೊದಲು, ಗಿಡ ಸವರಿದ್ದು ಯಾವ ದಿನ ಎಂದು ಕೇಳಿ ಚೀಟಿಯ ಹಿಂದೆ ಬರೆದುಕೊಳ್ಳಿ. ಮುಂದಿನ ವರ್ಷ ದಿನ ಗೊತ್ತು ಮಾಡಲು ಸೇರುವ ಸಭೆಗೆ ಕಾರ್ಯದರ್ಶಿ ಆ ಚೀಟಿಗಳ ಕಟ್ಟನ್ನು ತರಬೇಕು.