ಕುಂಬಾರರ ತಿಗರಿಯ ಮುಂದೆ ಕೂಡುವ ಮೊದಲು ಮಣ್ಣು ನೋಡಿ

ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಎರೆಮಣ್ಣಿನಿಂದ ಎತ್ತು ಮಾಡಿದ ಕೈಗೆ, ಅದೇ ಮಣ್ಣಿನಲ್ಲಿ ಒಂದು ಮಗಿಯನ್ನೂ ಮಾಡೋಣ ಅನಿಸುವುದು ಸಹಜ. ಎತ್ತಿಗೆ ಅದು ನಡೆಯುತ್ತದೆ, ಮಗಿಗೆ ನಡೆಯದು. ವಿಜಯಪುರ, ಬಾಗಲಕೋಟೆ ಸೀಮೆಯ ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವಂತೆಯೇ ತೆಳು ಮೈಯ ಪಾತ್ರೆಯೂ ಬಿಡುತ್ತದೆ. ಅದರಲ್ಲಿರುವ ಸುಣ್ಣದ ಹರಳು ಇನ್ನೂ ಮೋಸದ್ದು. ಬೆಂಕಿಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಚೆನ್ನಾಗಿಯೇ ಇದ್ದ ಪಾತ್ರೆಯ ಮೈಯಿಂದ ಎಷ್ಟೋ ದಿನದ ಮೇಲೆ ಚಕ್ಕೆ ಹಾರಿಸುತ್ತದೆ.

ಕಲಿಯುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಕಡೆಯ ಕೆಂಪು ಜೇಡಿ ಒಳ್ಳೆಯದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಅಷ್ಟು ದೂರ ಆಗದಿದ್ದರೆ ನಿಮ್ಮೂರಿನ ಕುಂಬಾರರಿಂದಲೇ 10 ಕಿಲೋ ಮಣ್ಣು ಕೊಳ್ಳಿ.

ಯಾವ ಮಣ್ಣೇ ಆಗಲಿ, ಮೊದಲು ಪರೀಕ್ಷೆ. ಒಣ ಪುಡಿಯ ಮೇಲೆ ವಿನೆಗರ್ ಹನಿಸಿ. ನೊರೆ ಎದ್ದರೆ ಸುಣ್ಣ ಇದೆ, ಬೇಡ. ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ಜಿಗುಟು ಸಾಲದು. ಕೊನೆಗೆ, ಕಲಸಿದ ಮಣ್ಣನ್ನು ಬಿಲ್ಲೆ ತಟ್ಟಿ ಅದರ ಮೇಲೆ 10 ಸೆಂ.ಮೀ. ಗೆರೆ ಎಳೆಯಿರಿ. ಪೂರ್ತಿ ಒಣಗಿದಾಗ ಗೆರೆ 9 ಸೆಂ.ಮೀ.ಗಿಂತ ಕಡಿಮೆ ಬಂದರೆ, 5 ಕಿಲೋ ಮಣ್ಣಿಗೆ ಅರ್ಧ ಕಿಲೋದಂತೆ ಸಣ್ಣ ಉಸುಕು ಸೇರಿಸಿ ಮತ್ತೆ ಅಳೆದು ನೋಡಿ.

ನೆನೆಹಾಕುವಾಗ ಎಲ್ಲರೂ ಮಾಡುವ ತಪ್ಪೊಂದಿದೆ: ಅರೆಹಸಿ ಹೆಂಟೆಗಳನ್ನು ನೀರಿಗೆ ಹಾಕುವುದು. ಅವು ದಿನಗಟ್ಟಲೆ ಕರಗುವುದಿಲ್ಲ. ಖಡಕ್ಕಾಗಿ ಒಣಗಿಸಿ, ಕುಟ್ಟಿ ಹಾಕಿದರೆ ಮಣ್ಣು ತಾನೇ ಬಿಚ್ಚಿಕೊಳ್ಳುತ್ತದೆ. ಎರಡು ದಿನ ಬಿಟ್ಟು, ಹಿಟ್ಟಿನ ಜರಡಿಯಲ್ಲಿ ಸೋಸಿ, ಹಳೆಯ ಧೋತರದ ಮೇಲೆ ಸುರಿದು ನೀರು ಇಳಿಸಿ. ಕಿವಿಯ ಹಾಲೆಯಷ್ಟು ಮೆತ್ತಗಾದರೆ ಹದ ಬಂತು.

ಇನ್ನು ನಾದುವುದು. ಚಪಾತಿ ಹಿಟ್ಟಿನಂತೆ ಮಡಚಿದರೆ ಮಡಿಕೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಜೋಳದ ಹಿಟ್ಟಿನಂತೆ ಅಂಗೈಯ ಬುಡದಿಂದ ಒತ್ತಿ ಮುಂದಕ್ಕೆ ದೂಡಿ, ಎಳೆದುಕೊಳ್ಳಿ, ಮತ್ತೆ ದೂಡಿ. ಐವತ್ತು ಸಲವಾದರೂ ಆಗಲಿ. ತಂತಿಯಿಂದ ಎರಡು ಹೋಳು ಮಾಡಿ ನೋಡಿದಾಗ ಒಂದು ತೂತೂ ಕಾಣಬಾರದು.

ತಿಗರಿಗೆ 700 ಗ್ರಾಂ ಉಂಡೆ ಸಾಕು. ಮೊದಲ ವಾರವೆಲ್ಲ ಅದನ್ನು ನಡುವಿಗೆ ತರುವುದೊಂದೇ ಕೆಲಸ ಎಂದುಕೊಳ್ಳಿ. ಪಾತ್ರೆಯ ಆಸೆ ಬೇಡ. ಉಂಡೆಯನ್ನು ಒಣ ಚಕ್ರದ ನಡುವೆ ಗಟ್ಟಿಯಾಗಿ ಬಡಿದು ಕೂಡಿಸಿ. ಚಕ್ರ ಒದ್ದೆಯಿದ್ದರೆ ಜಾರುತ್ತದೆ. ಬಲಗೈಯವರಿಗೆ ವಿದ್ಯುತ್ ತಿಗರಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಲಿ. ಎಡ ಮೊಣಕೈಯನ್ನು ತೊಡೆಗೆ ಊರಿ, ಎಡ ಅಂಗೈಯಿಂದ ಪಕ್ಕದಿಂದ ಒತ್ತಿ, ಬಲಗೈಯ ಅಂಚಿನಿಂದ ಮೇಲಿನಿಂದ ಅದುಮಿ. ಶಂಕುವಿನಂತೆ ಮೇಲೆತ್ತಿ ಮತ್ತೆ ಕೆಳಗಿಳಿಸಿ, ಹೀಗೆ ಮೂರು ಸಲ. ಉಗುರು ತಾಗಿಸಿದಾಗ ಸುತ್ತಲೂ ಒಂದೇ ಗೆರೆ ಬಿದ್ದರೆ ನಡುವಿಗೆ ಬಂದಿದೆ. ಬಿಟ್ಟುಬಿಟ್ಟು ಬಿದ್ದರೆ ಇನ್ನೂ ಓಲಾಡುತ್ತಿದೆ. ಓಲಾಟಕ್ಕೆ ಬಹುಪಾಲು ಕಾರಣ ಊರದ ಮೊಣಕೈ. ಇನ್ನುಳಿದದ್ದು ಕೈಯನ್ನು ಥಟ್ಟನೆ ಎತ್ತುವುದು; ಕೈ ನಿಧಾನಕ್ಕೆ ಸಡಿಲಾಗಬೇಕು.

ಬೆರಳಿನಿಂದ ನಡುವೆ ಕುಳಿ ಇಳಿಸಿ, ತಳ 8ರಿಂದ 10 ಮಿ.ಮೀ. ಉಳಿಸಿ. ಸೂಜಿ ಚುಚ್ಚಿ ಅಳೆಯಬಹುದು, ತೂತು ಮುಚ್ಚಿಕೊಳ್ಳುತ್ತದೆ. ತಳವನ್ನು ಬೆರಳಿನಿಂದ ಒತ್ತಿ ನುಣುಪು ಮಾಡದಿದ್ದರೆ, ಒಣಗುವಾಗ ಹಾವು ಹರಿದಂತೆ ಸೀಳು ಬಿಡುತ್ತದೆ. ಎರಡೂ ಕೈಬೆರಳುಗಳ ನಡುವೆ ಗೋಡೆ ಹಿಡಿದು ಬುಡದಿಂದ ಏರಿಸಿ. ಏರಿದಂತೆ ಚಕ್ರದ ವೇಗ ತಗ್ಗಲಿ. ಮೂರು-ನಾಲ್ಕು ಸಲಕ್ಕೆ ಮುಗಿಸಿ. ಹೆಚ್ಚಾದರೆ ಮಣ್ಣು ನೀರು ಕುಡಿದು ಕುಸಿಯುತ್ತದೆ. ಒಳಗೆ ನಿಂತ ನೀರನ್ನು ಸ್ಪಂಜಿನಿಂದ ಹೀರಿ, ಬುಡದಲ್ಲಿ ತಂತಿ ಎಳೆದು ಬಿಡಿಸಿ.

ಒಣಗಿಸುವುದು ಊರಿಗೆ ತಕ್ಕಂತೆ. ವಿಜಯಪುರದ ಏಪ್ರಿಲ್ ಬಿಸಿಗಾಳಿಗೆ ಬಾಯಂಚು ಮೊದಲು ಒಣಗಿ ತಳ ಹಸಿಯಾಗಿ ಉಳಿಯುತ್ತದೆ. ಆ ಎಳೆದಾಟಕ್ಕೇ ಪಾತ್ರೆ ಬಿರಿಯುತ್ತದೆ. ಪ್ಲಾಸ್ಟಿಕ್ ಹೊದಿಸಿ, ಅಂಚು ಗಟ್ಟಿಯಾದ ಕೂಡಲೇ ಬೋರಲು ಹಾಕಿ. ಖಾನಾಪುರದ ಮಳೆಗಾಲದಲ್ಲಿ ಈ ಭಯವಿಲ್ಲ, ವಾರಗಟ್ಟಲೆ ಕಾಯಬೇಕು ಅಷ್ಟೆ.

ಗಾಳಿಗುಳ್ಳೆಯಿಂದ ಆವಿಗೆಯಲ್ಲಿ, ಅಂದರೆ ಕುಂಬಾರರ ಭಟ್ಟಿಯಲ್ಲಿ, ಪಾತ್ರೆ ಸಿಡಿಯುತ್ತದೆ ಎನ್ನುತ್ತಾರೆ. ನಿಜವಾಗಿ ಸಿಡಿಸುವುದು ಒಳಗೆ ಉಳಿದ ನೀರಿನ ಆವಿ. ಪಾತ್ರೆಯನ್ನು ಕೆನ್ನೆಗೆ ಹಿಡಿಯಿರಿ. ತಣ್ಣಗೆ ತಾಗಿದರೆ ಇನ್ನೂ ಹಸಿ. ಮನೆಯ ಗ್ಯಾಸ್ ಒಲೆಯ ಮೇಲೆ ಸುಡುವ ಸಾಹಸ ಬೇಡ: ಮಣ್ಣು ನೀರಿನಲ್ಲಿ ಮತ್ತೆ ಕರಗದಂತೆ ಆಗಲು ಪಾತ್ರೆಗೆಲ್ಲ ಸಮನಾಗಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಬೇಕು. ಕುಂಬಾರರು ಕುಳ್ಳು ಒಟ್ಟಿ ಆವಿಗೆ ಹಾಕುವ ದಿನ ಕೇಳಿಕೊಂಡು ನಿಮ್ಮದನ್ನೂ ಇಡಲು ಕೊಡಿ. ಮೊದಲ ಕೆಲವು ತಾಸು ಸಣ್ಣ ಉರಿಯೇ ಇರಬೇಕು.

ಆರಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎಂದರೆ ಸರಿ. ಬೊದ್ದು ಸದ್ದು ಬಂದರೆ ಎಲ್ಲೋ ಕೂದಲೆಳೆಯ ಸೀಳಿದೆ, ಇಲ್ಲವೇ ಪಾತ್ರೆ ಬೆಂದಿಲ್ಲ. ಬೆಂದಿಲ್ಲದ್ದನ್ನು ಮುಂದಿನ ಆವಿಗೆಗೆ ಮತ್ತೆ ಹಾಕಬಹುದು.