ವೆಂಡರ್‌ಗೆ ಪ್ರಶ್ನೆಪಟ್ಟಿ ಕಳಿಸುವ ಮೊದಲು ನಮ್ಮ ಆರ್ಡರ್‌ಗಳನ್ನೇ ತೆಗೆದು ನೋಡಿದೆವು

ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ. ಶೀಟ್ ಮೆಟಲ್, ಬೋಲ್ಟು-ನಟ್ಟು, ಪ್ಲೇಟಿಂಗ್ (ಲೋಹದ ಲೇಪನ), ವೈರಿಂಗ್ ಹಾರ್ನೆಸ್ (ಜೋಡಿಸಿ ಕಟ್ಟಿದ ವೈರುಗಳ ಕಟ್ಟು), ಪ್ಯಾಕಿಂಗ್ ಎಲ್ಲ ಹೊರಗಿನ ವೆಂಡರ್‌ಗಳಿಂದ ಬರುತ್ತೆ. ನಿಮ್ಮ ವೆಂಡರ್‌ಗಳ ಹತ್ತಿರ ಕೆಲಸಗಾರರನ್ನು ಹೇಗೆ ನೋಡಿಕೊಳ್ಳುತ್ತಾರೆ, ಕೊಳಕು ನೀರು ಎಲ್ಲಿಗೆ ಹೋಗುತ್ತೆ ಅಂತ ನಮ್ಮ ದೊಡ್ಡ ಗ್ರಾಹಕರು ಕೇಳಲು ಶುರು ಮಾಡಿದರು. ಉತ್ತರ ಹುಡುಕುವ ಕೆಲಸ ನನ್ನ ಮೇಜಿಗೆ ಬಂತು.

ಇದಕ್ಕೊಂದು ಸಿದ್ಧ ದಾರಿ ಇದೆ. ನೀತಿ ಸಂಹಿತೆ ಬರೆಯುವುದು, ಎಲ್ಲ ವೆಂಡರ್‌ಗಳ ಸಹಿ ತೆಗೆದುಕೊಳ್ಳುವುದು, ಉದ್ದನೆಯ ಪ್ರಶ್ನೆಪಟ್ಟಿ ಕಳಿಸುವುದು. ಎಲ್ಲರೂ ಎಲ್ಲದಕ್ಕೂ 'ಹೌದು' ಅಂತ ಟಿಕ್ ಮಾಡಿ ವಾಪಸ್ ಕಳಿಸುತ್ತಾರೆ. ಅದನ್ನು ಫೈಲಿಗೆ ಹಾಕಿದರೆ ಆಯ್ತು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಎಸ್‌ಎ8000, ಅಂದರೆ ಕೆಲಸಗಾರರನ್ನು ಸರಿಯಾಗಿ ನೋಡಿಕೊಳ್ಳುತ್ತಾರೆ ಅನ್ನುವ ಸರ್ಟಿಫಿಕೇಟ್ ಸಿಕ್ಕಿತ್ತು. ಕಾಗದ ಎಲ್ಲ ಸರಿ ಇದ್ದೂ ಕಿಟಕಿಗೆ ಸರಳುಗಳಿದ್ದವು, ಹೊರಗೆ ಓಡಲು ದಾರಿ ಇರಲಿಲ್ಲ. ಇವತ್ತಿಗೂ ಯಾವ ವೆಂಡರ್ ಹತ್ತಿರ ಹೋದರೂ ನಾನು ಮೊದಲು ತುರ್ತು ಬಾಗಿಲನ್ನು ನನ್ನ ಕೈಯಿಂದಲೇ ತಳ್ಳಿ ನೋಡುತ್ತೇನೆ. ರಿಜಿಸ್ಟರ್ ಎಲ್ಲ ಆಮೇಲೆ.

ಹಾಗಾಗಿ ಬೇರೆ ಕಡೆಯಿಂದ ಶುರು ಮಾಡಿದೆವು. ನಮಗೆ ಹಾರ್ನೆಸ್ ಮಾಡಿಕೊಡುವ ವೆಂಡರ್ ಹತ್ತಿರ ಓವರ್‌ಟೈಮ್ ವಿಪರೀತ ಅಂತ ಗೊತ್ತಿತ್ತು. ಅವರ ಒಪ್ಪಿಗೆ ಪಡೆದು ಓವರ್‌ಟೈಮ್ ರಿಜಿಸ್ಟರ್ ತರಿಸಿಕೊಂಡೆವು. ನಾವು ಆರ್ಡರ್ ಬದಲಾಯಿಸಿದ ದಾಖಲೆಗಳನ್ನು ಅದರ ಪಕ್ಕದಲ್ಲಿಟ್ಟು ದಿನಾಂಕ ತಾಳೆ ಹಾಕಿದೆವು. ಓವರ್‌ಟೈಮ್ ಏರಿದ ವಾರಗಳ ಹಿಂದೆಲ್ಲ ನಮ್ಮದೊಂದು ಮೇಲ್ ಇತ್ತು. ಸಂಖ್ಯೆ ಜಾಸ್ತಿ, ಡೆಲಿವರಿ ತಾರೀಖು ಮಾತ್ರ ಅದೇ. ವೆಂಡರ್ ನೇರವಾಗಿಯೇ ಹೇಳಿದರು: “ಸರ್, ಶುಕ್ರವಾರ ಸಂಜೆ ಮೇಲ್ ಹಾಕಿ ಸೋಮವಾರ ಮಾಲು ಬೇಕು ಅಂದರೆ ನಾನು ಭಾನುವಾರ ಕೆಲಸ ಮಾಡಿಸದೆ ಇನ್ನೇನು ಮಾಡಲಿ?”

ಹಾರ್ನೆಸ್ ಕೆಲಸ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತೆ. ವೈರ್ ಕತ್ತರಿಸುವುದು, ಕ್ರಿಂಪ್ ಮಾಡುವುದು (ತುದಿಗೆ ಲೋಹದ ಪಿನ್ ಒತ್ತಿ ಕೂರಿಸುವುದು) ಮಿಷಿನ್ ಕೆಲಸ. ಬೋರ್ಡಿನ ಮೇಲೆ ಎಳೆಗಳನ್ನು ಜೋಡಿಸುವುದು, ಟೇಪ್ ಸುತ್ತುವುದು ಪೂರ್ತಿ ಕೈಕೆಲಸ. ಮಾಲು ದಿಢೀರ್ ಜಾಸ್ತಿ ಬೇಕೆಂದರೆ ಅದೇ ಕೈಗಳು ಜಾಸ್ತಿ ಹೊತ್ತು ದುಡಿಯಬೇಕು, ಬೇರೆ ದಾರಿಯೇ ಇಲ್ಲ. ಎಸ್‌ಎ8000 ಪ್ರಕಾರ ಮಾಮೂಲಿ ಕೆಲಸ ವಾರಕ್ಕೆ 48 ಗಂಟೆ ಮೀರಬಾರದು, ಓವರ್‌ಟೈಮ್ 12 ಗಂಟೆ ಮೀರಬಾರದು. ಆ ಮಿತಿಯನ್ನು ವೆಂಡರ್ ಮೇಲೆ ಹೇರಿ, ಅದನ್ನು ಮುರಿಯುವಂಥ ಆರ್ಡರ್ ನಾವೇ ಕಳಿಸುವುದು ನ್ಯಾಯವಲ್ಲ.

ಹಾಗಾಗಿ ಡೆಲಿವರಿಗೆ ಮೊದಲಿನ ಕೊನೆಯ ಕೆಲವು ವಾರಗಳ ಶೆಡ್ಯೂಲನ್ನು ಗಟ್ಟಿ ಮಾಡಿದೆವು. ಆ ಅವಧಿಯೊಳಗೆ ಏನೇ ಬದಲಾವಣೆ ಬೇಕಿದ್ದರೂ ಪ್ಲಾಂಟ್ ಹೆಡ್ ಸಹಿ ಬೇಕು, ವೆಂಡರ್ ಒಪ್ಪಿಗೆ ಬರಹದಲ್ಲಿ ಬೇಕು. ಸಂಖ್ಯೆ ಏರಿದರೆ ತಾರೀಖೂ ಮುಂದೆ ಹೋಗಬೇಕು. ಸೇಲ್ಸ್‌ನವರು ಒಪ್ಪಲಿಲ್ಲ, ಗ್ರಾಹಕರು ಕೈತಪ್ಪುತ್ತಾರೆ ಅಂದರು. ಅವರ ಮುಂದೆ ರಿಜೆಕ್ಷನ್ ವರದಿ ಇಟ್ಟೆವು. ತರಾತುರಿಯಲ್ಲಿ ಬಂದ ಲಾಟ್‌ಗಳಲ್ಲೇ ತಪ್ಪು ಪಿನ್, ಸಡಿಲ ಕ್ರಿಂಪ್ ಜಾಸ್ತಿ ಇದ್ದವು. ವಾದ ಅಲ್ಲಿಗೆ ನಿಂತಿತು. ನೀತಿಯ ಮಾತಿಗಿಂತ ಆ ವರದಿಯೇ ಹೆಚ್ಚು ಕೆಲಸ ಮಾಡಿತು. ನನಗೆ ಅದರಿಂದ ಬೇಸರವಿಲ್ಲ, ಕೆಲಸಗಾರರಿಗೆ ಭಾನುವಾರ ಸಿಕ್ಕಿತಲ್ಲ.

ಆಮೇಲೆ ಪೇಮೆಂಟ್. ಇಷ್ಟು ದಿನದೊಳಗೆ ಹಣ ಅಂತ ಎಲ್ಲ ಆರ್ಡರ್‌ನಲ್ಲೂ ಇರುತ್ತೆ. ಯಾವತ್ತಿನಿಂದ ಲೆಕ್ಕ ಅನ್ನುವುದೇ ಮುಖ್ಯ. ಮಾಲು ಗೇಟಿನೊಳಗೆ ಬಂದು, ಕ್ವಾಲಿಟಿಯವರು ನೋಡಿ, ಸ್ಟೋರ್ಸ್‌ನವರು ಎಂಟ್ರಿ ಮಾಡಿ, ಬಿಲ್ ಅಕೌಂಟ್ಸ್‌ಗೆ ತಲುಪಿದ ಮೇಲೆ ನಮ್ಮಲ್ಲಿ ದಿನ ಎಣಿಸಲು ಶುರುವಾಗುತ್ತಿತ್ತು. ಮೊದಲಿನ ದಿನಗಳು ಯಾರ ಲೆಕ್ಕದಲ್ಲೂ ಇರುತ್ತಿರಲಿಲ್ಲ. ವೆಂಡರ್ ಮಾತ್ರ ತಿಂಗಳ ಕೊನೆಗೆ ಸಂಬಳ ಕೊಡಲೇಬೇಕು. ಯುರೋಪಿಯನ್ ಒಕ್ಕೂಟ 2011ರಲ್ಲಿ ತಂದ ತಡ ಪಾವತಿ ನಿರ್ದೇಶನ ಈ ಸಂದನ್ನು ಗುರುತಿಸಿದೆ. ಕಂಪನಿಗಳ ನಡುವಿನ ಪಾವತಿಗೆ ಸಾಮಾನ್ಯವಾಗಿ 60 ದಿನದ ಮಿತಿ ಹಾಕಿದೆ. ಮಾಲು ಪರೀಕ್ಷಿಸಿ ಒಪ್ಪಿಕೊಳ್ಳಲು ಬೇರೆಯಾಗಿ 30 ದಿನದ ಮಿತಿ ಇಟ್ಟಿದೆ. ಅದನ್ನು ಓದಿದ ಮೇಲೆ ನಾವು ಲೆಕ್ಕವನ್ನು ಗೇಟ್ ಎಂಟ್ರಿಯಿಂದಲೇ ಶುರು ಮಾಡಿದೆವು. ಕ್ವಾಲಿಟಿಯವರು ಗೊತ್ತುಪಡಿಸಿದ ದಿನಗಳೊಳಗೆ ಏನೂ ಹೇಳದಿದ್ದರೆ ಮಾಲು ಒಪ್ಪಿದಂತೆ. ಜಗಳ ಇರುವ ಪೀಸ್‌ಗಳಷ್ಟರ ಹಣ ಮಾತ್ರ ನಿಲ್ಲುತ್ತೆ, ಇಡೀ ಬಿಲ್ ಅಲ್ಲ.

ರೇಟ್ ಮಾತಾಡುವಾಗ ಈಗ ಕಚ್ಚಾವಸ್ತು, ಮಿಷಿನ್ ಗಂಟೆ, ಕೂಲಿ, ಓವರ್‌ಹೆಡ್, ಲಾಭ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. ಕೂಲಿಯ ಸಾಲಿಗೆ ಕೈ ಹಾಕಬಾರದು ಅಂತ ನಮ್ಮ ವಿಭಾಗದಲ್ಲಿ ಖರೀದಿ ಮಾಡುವ ಬಯರ್‌ಗಳಿಗೆ ಹೇಳಿದ್ದೇವೆ. ಕಚ್ಚಾವಸ್ತು ಮಾರುಕಟ್ಟೆ ಸೂಚ್ಯಂಕದ ಜೊತೆ ಏರುತ್ತೆ, ಇಳಿಯುತ್ತೆ. ಉಳಿತಾಯ ಬೇಕಿದ್ದರೆ ಶೀಟಿನಲ್ಲಿ ವೇಸ್ಟ್ ಕಡಿಮೆ ಮಾಡುವುದರಲ್ಲಿ, ಬೇಡದಷ್ಟು ಬಿಗಿಯಾದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ತೆಗೆಯುವುದರಲ್ಲಿ, ರಟ್ಟಿನ ಬದಲು ವಾಪಸ್ ಬರುವ ಕ್ರೇಟ್ ಬಳಸುವುದರಲ್ಲಿ ಹುಡುಕಬೇಕು. ಸುಮ್ನೆ 'ವರ್ಷಕ್ಕೆ ಇಷ್ಟು ಪರ್ಸೆಂಟ್ ಇಳಿಸಿ' ಅನ್ನುವುದಕ್ಕಿಂತ ಇದು ಕಷ್ಟದ ಕೆಲಸ. ಬಯರ್ ಕುರ್ಚಿ ಬಿಟ್ಟು ಶಾಪ್ ಫ್ಲೋರ್‌ಗೆ ಹೋಗಬೇಕಾಗುತ್ತೆ.

ಇದೆಲ್ಲದರ ಬೆಲೆ ನನಗೆ ಚೆನ್ನಾಗಿ ಅರ್ಥವಾಗಿದ್ದು ಪ್ಲೇಟಿಂಗ್ ಶಾಪ್‌ನಲ್ಲಿ. ಬೋಲ್ಟುಗಳಿಗೆ ಜಿಂಕ್ ಲೇಪಿಸಿ ಮೇಲೆ ಹಳದಿ ಪ್ಯಾಸಿವೇಶನ್ (ತುಕ್ಕು ತಡೆಯುವ ತೆಳು ಪದರ) ಕೊಡುತ್ತಿದ್ದರು. ಅದರಲ್ಲಿ ಇರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ವಸ್ತು. ತೊಳೆದ ನೀರನ್ನು ಹಾಗೇ ಬಿಡುವಂತಿಲ್ಲ. ಮೊದಲು ಆಸಿಡ್ ಹಾಕಿ ಪಿಎಚ್ 2-3ಕ್ಕೆ ಇಳಿಸಬೇಕು. ಬೈಸಲ್ಫೈಟ್ ಅನ್ನುವ ರಾಸಾಯನಿಕ ಸೇರಿಸಿ ಕ್ರೋಮಿಯಂ ಅನ್ನು ಅಷ್ಟು ಅಪಾಯವಿಲ್ಲದ ಟ್ರೈವೇಲೆಂಟ್ ರೂಪಕ್ಕೆ ತರಬೇಕು. ಆಮೇಲೆ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಅದು ಕೆಸರಾಗಿ ತಳಕ್ಕೆ ಕೂರುತ್ತೆ. ಆ ಕೆಸರನ್ನು ಹಿಂಡಿ, ಪರವಾನಗಿ ಇರುವವರಿಗೇ ಒಪ್ಪಿಸಬೇಕು.

ನೀರು ಶುದ್ಧಿ ಮಾಡುವ ಘಟಕ ಅಲ್ಲಿ ಇತ್ತು, ಹೊಸ ಬಣ್ಣವೂ ಬಳಿದಿದ್ದರು. ನಾನು ನೋಡಿದ್ದು ಪಂಪಿನ ಪ್ಯಾನೆಲ್ ಮೇಲಿನ ಗಂಟೆ ಮೀಟರ್. ಲೈನ್ ಎರಡು ಶಿಫ್ಟ್ ಓಡುತ್ತಿತ್ತು, ಪಂಪ್ ಅದರ ಅರ್ಧವೂ ಓಡಿರಲಿಲ್ಲ. ಬೈಸಲ್ಫೈಟ್ ಖರೀದಿ ಬಿಲ್ಲು, ಕೆಸರು ಒಪ್ಪಿಸಿದ ರಸೀದಿ ಕೇಳಿದೆ. ಎರಡೂ ಉತ್ಪಾದನೆಗೆ ತಾಳೆಯಾಗಲಿಲ್ಲ. ಮಾಲೀಕರು ಸುಳ್ಳು ಹೇಳಲಿಲ್ಲ. ನಾವು ಕೆಜಿಗೆ ಕೊಡುವ ರೇಟಿನಲ್ಲಿ ಘಟಕವನ್ನು ಪೂರ್ತಿ ಓಡಿಸಲು ಆಗಲ್ಲ ಅಂತ ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಸರಿಯಿತ್ತು.

ಆರ್ಡರ್ ಕಿತ್ತುಕೊಂಡು ಬೇರೆಯವರಿಗೆ ಕೊಡಬಹುದಿತ್ತು. ಆದರೆ ಅದೇ ರೇಟಿಗೆ ಕೆಲಸ ಹಿಡಿಯುವ ಬೇರೆಯವನೂ ಇದನ್ನೇ ಮಾಡುತ್ತಾನೆ, ಅಲ್ವಾ? ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿ ಕಂಪನಿಗಳಿಗೆ ಕೊಟ್ಟ ಮಾರ್ಗದರ್ಶನ ಕೂಡ ಸಂಬಂಧ ಕಡಿದುಕೊಳ್ಳುವುದು ಕೊನೆಯ ದಾರಿ ಅನ್ನುತ್ತೆ. ಶುದ್ಧೀಕರಣದ ಖರ್ಚನ್ನು ರೇಟಿನಲ್ಲಿ ಬೇರೆ ಸಾಲು ಮಾಡಿದೆವು. ಮೀಟರ್ ಓದು ಮತ್ತು ಕೆಸರಿನ ರಸೀದಿ ಬಿಲ್ ಜೊತೆ ಬಂದರೆ ಆ ಹಣ ಸಿಗುತ್ತೆ. ಅಷ್ಟರಲ್ಲಿ ನಮ್ಮ ಡಿಸೈನ್‌ನವರನ್ನು ಹಿಡಿದು ಕೂರಿಸಿ, ಡ್ರಾಯಿಂಗ್‌ನಲ್ಲಿ ಹಳದಿ ಅಂತ ಯಾಕಿದೆ ಅಂತ ಕೇಳಿದೆ. ಹಳೆಯ ಡ್ರಾಯಿಂಗ್‌ನಲ್ಲಿ ಇತ್ತು, ಹಾಗೇ ಬಂದಿದೆ ಅಷ್ಟೇ! ಸೀಲರ್ (ಮೇಲೊಂದು ರಕ್ಷಣೆಯ ಲೇಪ) ಜೊತೆ ಟ್ರೈವೇಲೆಂಟ್ ಪ್ಯಾಸಿವೇಶನ್ ಮಾಡಿಸಿ, ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವ ಸಾಲ್ಟ್ ಸ್ಪ್ರೇ ಪರೀಕ್ಷೆಗೆ ಇಟ್ಟೆವು. ನಮಗೆ ಬೇಕಾದಷ್ಟು ಗಂಟೆ ತಡೆಯಿತು. ಈಗ ಆ ಬೋಲ್ಟುಗಳಿಗೆ ಹೆಕ್ಸಾವೇಲೆಂಟ್ ಇಲ್ಲವೇ ಇಲ್ಲ. ನೀರಿನ ಘಟಕದಲ್ಲಿ ಒಂದು ಹಂತವೇ ಕಡಿಮೆಯಾಯಿತು.

ಎಲ್ಲದಕ್ಕೂ ಇಷ್ಟು ತಾಳ್ಮೆ ತೋರಿಸುವುದಿಲ್ಲ. ತುರ್ತು ಬಾಗಿಲಿಗೆ ಬೀಗ ಇದ್ದರೆ, ವಲಸೆ ಬಂದವರ ಗುರುತಿನ ಕಾಗದ ಮಾಲೀಕರ ಕಪಾಟಿನಲ್ಲಿದ್ದರೆ ಅವತ್ತೇ ಸರಿಯಾಗಬೇಕು. ವಲಸೆ ಕೆಲಸಗಾರರಿಗೆ ನಾನು ಕೇಳುವ ಮೊದಲ ಪ್ರಶ್ನೆ ಸಂಬಳದ್ದಲ್ಲ. ಈ ಕೆಲಸ ಸಿಗಲು ಯಾರಿಗೆ ಎಷ್ಟು ಕೊಟ್ಟಿರಿ ಅಂತ ಕೇಳುತ್ತೇನೆ. ಮೇಲ್ವಿಚಾರಕ ಪಕ್ಕದಲ್ಲಿ ಇರಬಾರದು. ಏಜೆಂಟನಿಗೆ ಸಾಲ ಮಾಡಿ ಕೊಟ್ಟವರು ಕೆಲಸ ಎಷ್ಟೇ ಕೆಟ್ಟದಿದ್ದರೂ ಬಿಟ್ಟು ಹೋಗಲು ಆಗದೆ ಸಿಕ್ಕಿಬೀಳುತ್ತಾರೆ. ನೇಮಕದ ಖರ್ಚು ಮಾಲೀಕರದೇ ಅನ್ನುವುದು ವಲಸೆ ಕೆಲಸಗಾರರ ನೇಮಕದ ಬಗ್ಗೆ ಬಂದ 2012ರ ಢಾಕಾ ತತ್ವಗಳ ಮೊದಲ ಮಾತು. ಕೆಲಸಗಾರರಿಗೆ ಹಣ ವಾಪಸ್ ಕೊಡಿಸಿದ್ದೇವೆ, ಅದರಲ್ಲಿ ಒಂದು ಪಾಲು ನಾವೂ ಹಾಕಿದ್ದೇವೆ.

ಬಯರ್‌ಗಳ ಮೌಲ್ಯಮಾಪನವನ್ನೂ ಬದಲಿಸಬೇಕಾಯಿತು. ಮೊದಲು ಎಷ್ಟು ರೇಟ್ ಇಳಿಸಿದೆ ಅನ್ನುವುದೊಂದೇ ಅಳತೆ. ಈಗ ಗಟ್ಟಿ ಅವಧಿಯೊಳಗೆ ಎಷ್ಟು ಆರ್ಡರ್ ಬದಲಾಯಿತು, ಎಷ್ಟು ಬಿಲ್ ತಡವಾಯಿತು ಅನ್ನುವುದೂ ಅವರ ಇನ್‌ಕ್ರಿಮೆಂಟ್‌ಗೆ ಸೇರುತ್ತೆ. ಸುಸ್ಥಿರ ಖರೀದಿಯ ಬಗ್ಗೆ 2017ರಲ್ಲಿ ಬಂದ ಐಎಸ್‌ಒ 20400 ಓದುವಾಗ ಇದಕ್ಕೆ ಧೈರ್ಯ ಬಂತು. ಅದಕ್ಕೆ ಸರ್ಟಿಫಿಕೇಟ್ ಇಲ್ಲ, ಅದು ಬರೀ ಮಾರ್ಗದರ್ಶಿ. ಗೋಡೆಗೆ ತೂಗುಹಾಕಲು ಏನೂ ಸಿಗದ ಕಾರಣಕ್ಕೇ ಅದನ್ನು ಓದಿ ಕೆಲಸ ಮಾಡಬೇಕಾಗುತ್ತೆ.

ವರ್ಷಕ್ಕೊಮ್ಮೆ ವೆಂಡರ್‌ಗಳು ನಮಗೆ ಮಾರ್ಕ್ಸ್ ಕೊಡುತ್ತಾರೆ. ಹೆಸರಿಲ್ಲದೆ, ಹೊರಗಿನವರ ಮೂಲಕ ಬರುತ್ತೆ, ನೇರ ಎಂಡಿಗೆ ಹೋಗುತ್ತೆ. ಈ ಸಲ ಪೇಮೆಂಟ್‌ಗೆ ಒಳ್ಳೆಯ ಮಾರ್ಕ್ಸ್ ಬಂದಿದೆ. ತೀರಾ ಕಡಿಮೆ ಬಂದಿದ್ದು ಡ್ರಾಯಿಂಗ್ ಬದಲಾವಣೆಗೆ. ಟೂಲ್ ತಯಾರಾದ ಮೇಲೆ ನಾವು ಡಿಸೈನ್ ತಿದ್ದಿದರೆ ಹಳೆಯ ಟೂಲ್ ಮತ್ತು ಕತ್ತರಿಸಿಟ್ಟ ಮಾಲಿನ ನಷ್ಟ ಈಗಲೂ ವೆಂಡರ್ ಮೇಲೇ ಬೀಳುತ್ತಿದೆ. ಅದನ್ನು ನಾವೇ ಹೊರುವ ಕರಾರಿನ ಕರಡು ಸಿದ್ಧವಾಗಿದೆ, ಫೈನಾನ್ಸ್‌ನವರ ಜೊತೆ ಮಾತುಕತೆ ನಡೆಯುತ್ತಿದೆ.